ಎತ್ತಿಗೆ ಜ್ವರ ಬಂದ್ರೆ ಜಿಪಿಎಸ್‌ಗೆ ಯಾಕೆ ಬರೆ?

ನಮ್ಮ ಗ್ರೌಂಡಿನಲ್ಲಿ ಹಾರ್ತಿರೋ ಡ್ರೋನ್ ಸ್ವಲ್ಪ ಅತ್ತಿತ್ತ ಸರಿದರೂ ಸಾಕು, ಸುತ್ತ ನಿಂತ ಹತ್ತು ಜನರಲ್ಲಿ ಎಂಟು ಜನ ಒಂದೇ ಮಾತು ಹೇಳ್ತಾರೆ: “ಜಿಪಿಎಸ್ ಹೋಗಿದೆ ಮಗಾ, ಹೊಸದು ತರಿಸು.” ಆಮೇಲೆ ಎರಡೇ ದಾರಿ. ದುಡ್ಡಿದ್ದವರು ಆನ್‌ಲೈನಲ್ಲಿ ಆರ್ಡರ್ ಮಾಡ್ತಾರೆ, ಇಲ್ಲಾ ಎಸ್.ಪಿ. ರೋಡಿಗೆ ಬಸ್ ಹತ್ತುತ್ತಾರೆ. ದುಡ್ಡಿಲ್ಲದವರು ಲ್ಯಾಪ್‌ಟಾಪ್ ತೆಗೆದು, ಹಾರೋ ಮುಂಚೆ ಡ್ರೋನ್ ತಾನೇ ಮಾಡ್ಕೊಳ್ಳೋ ತಪಾಸಣೆಗಳನ್ನ ಆಫ್ ಮಾಡಿ, “ಈಗ ಆರ್ಮ್ ಆಗುತ್ತೆ ನೋಡು” ಅಂತಾರೆ. ಮೊದಲನೆಯದು ದುಡ್ಡಿಗೆ ದಂಡ. ಎರಡನೆಯದು ಕೆಳಗೆ ನಿಂತವರ ತಲೆಗೆ ಅಪಾಯ. ಎರಡರಲ್ಲೂ ಒಂದು ಕೆಲಸ ಮಾತ್ರ ಆಗಿರೋದಿಲ್ಲ: ತೊಂದರೆ ಎಲ್ಲಿದೆ ಅಂತ ಹುಡುಕೋದು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನೋ ಗಾದೆ ನಮ್ಮ ಅಜ್ಜಿಯರ ಕಾಲದ್ದು. ಅದು ಇವತ್ತಿನ ಡ್ರೋನ್ ಟೀಮುಗಳಿಗೆ ಇಷ್ಟು ಚೆನ್ನಾಗಿ ಹೊಂದುತ್ತೆ ಅಂತ ಅವರಿಗೆ ಗೊತ್ತಿರಲಿಲ್ಲ, ಅಷ್ಟೇ. ನನ್ನ ವಾದ ಸರಳ. ನಾವು “ಜಿಪಿಎಸ್ ಪ್ರಾಬ್ಲಂ” ಅಂತ ಕರೆಯೋದು ಒಂದು ಸಮಸ್ಯೆ ಅಲ್ಲ, ನಾಲ್ಕೈದು ಬೇರೆ ಬೇರೆ ಸಮಸ್ಯೆಗಳಿಗೆ ಇಟ್ಟಿರೋ ಒಂದೇ ಹೆಸರು. ಯಾವುದು ಅಂತ ಬಿಡಿಸಿ ನೋಡೋಕೆ ಬೇಕಾದ ವಿದ್ಯೆ ನಮಗೆ ಪಿಯುಸಿಯಲ್ಲೇ ಕಲಿಸಿದ್ದಾರೆ. ಬಿಡಿಸಿ ನೋಡದೆ ಪಾರ್ಟು ಬದಲಾಯಿಸೋದನ್ನ ರಿಪೇರಿ ಅನ್ನಬಹುದೇನೋ, ಇಂಜಿನಿಯರಿಂಗ್ ಅನ್ನೋಕಾಗಲ್ಲ.

ಮೊದಲು ಜಿಪಿಎಸ್ ಕಷ್ಟ ಕೇಳಿ

ಬೈಯೋ ಮುಂಚೆ ಆ ಚಿಕ್ಕ ಡಬ್ಬಿ ಏನು ಮಾಡ್ತಿದೆ ಅಂತ ನೋಡೋಣ. ಜಿಪಿಎಸ್ ಉಪಗ್ರಹಗಳು ಇರೋದು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿಂದ 1575.42 ಮೆಗಾಹರ್ಟ್ಸ್‌ನಲ್ಲಿ ಹೊರಟ ಸಿಗ್ನಲ್ ನಮ್ಮ ಗ್ರೌಂಡಿಗೆ ಬರೋ ಹೊತ್ತಿಗೆ ಉಳಿಯೋದು ಸುಮಾರು ಮೈನಸ್ 130 ಡಿಬಿಎಂ. ಅಂದ್ರೆ 10ರ ಮೈನಸ್ 16ನೇ ಘಾತದಷ್ಟು ವ್ಯಾಟ್. ರಿಸೀವರ್ ಒಳಗಿನ ಉಷ್ಣದ ಗದ್ದಲ ಎರಡು ಮೆಗಾಹರ್ಟ್ಸ್ ಅಗಲಕ್ಕೆ ಲೆಕ್ಕ ಹಾಕಿದರೆ ಸುಮಾರು ಮೈನಸ್ 111 ಡಿಬಿಎಂ. ಅಂದ್ರೆ ನಮಗೆ ಬೇಕಾದ ಸಿಗ್ನಲ್, ಗದ್ದಲಕ್ಕಿಂತ ಹೆಚ್ಚುಕಡಿಮೆ ನೂರು ಪಟ್ಟು ಸಣ್ಣದು. ಜಾತ್ರೆಯ ಮಧ್ಯೆ ನಿಂತು, ಆ ತುದಿಯಲ್ಲಿ ಯಾರೋ ಪಿಸುಗುಟ್ಟಿದ್ದನ್ನ ಕೇಳಿಸಿಕೊಂಡ ಹಾಗೆ. ಸಂಕೇತದ ಕೋಡ್ ಮೊದಲೇ ಗೊತ್ತಿರೋದ್ರಿಂದ ಮಾತ್ರ ರಿಸೀವರ್ ಅದನ್ನ ಹೆಕ್ಕಿ ತೆಗೆಯುತ್ತೆ.

ಇಷ್ಟು ಸೂಕ್ಷ್ಮ ಕಿವಿ ಇರೋ ಸಾಧನದ ಪಕ್ಕದಲ್ಲೇ ನಾವು ಏನೇನು ಕಟ್ಟುತ್ತೀವಿ ನೋಡಿ. ವಿಡಿಯೋ ಟ್ರಾನ್ಸ್‌ಮಿಟರ್, ಅಗ್ಗದ ಬಕ್ ಕನ್ವರ್ಟರ್, ರಾಸ್‌ಬೆರಿ ಪೈ, ಅದರ ಕ್ಯಾಮೆರಾದ ಚಪ್ಪಟೆ ಕೇಬಲ್, ಯುಎಸ್‌ಬಿ 3 ವೈರು. ಅಷ್ಟೆಲ್ಲಾ ಕಿವಿ ಪಕ್ಕ ತಮಟೆ ಬಾರಿಸಿ ಆಮೇಲೆ “ಕಿವಿ ಕೇಳಿಸ್ತಿಲ್ಲ, ಕಿವಿ ಬದಲಾಯಿಸಿ” ಅಂದ್ರೆ ಹೇಗೆ?

ಇನ್ನೊಂದು ವಿಷಯ, ತಾಳ್ಮೆ. ಒಂದೊಂದು ಉಪಗ್ರಹವೂ ತನ್ನ ಕಕ್ಷೆಯ ವಿವರವನ್ನ 30 ಸೆಕೆಂಡಿಗೊಮ್ಮೆ ಮತ್ತೆ ಮತ್ತೆ ಹೇಳುತ್ತೆ. ಅದನ್ನ ಕಡಿತ ಇಲ್ಲದೆ ಕೇಳಿಸಿಕೊಂಡರೆ ಮಾತ್ರ ರಿಸೀವರ್ ಆ ಉಪಗ್ರಹವನ್ನ ಲೆಕ್ಕಕ್ಕೆ ಸೇರಿಸಬಹುದು. ಆ ವಿವರ ಕೆಲವೇ ಗಂಟೆ ಕಾಲ ಬಳಕೆಗೆ ಬರುತ್ತೆ. ಹಾಗಾಗಿ ಬೆಳಿಗ್ಗೆ ಮೊದಲ ಸಲ ಆನ್ ಮಾಡಿದಾಗ ತಡ, ಮಧ್ಯಾಹ್ನ ಬ್ಯಾಟರಿ ಬದಲಾಯಿಸಿ ಆನ್ ಮಾಡಿದಾಗ ಬೇಗ ಫಿಕ್ಸ್ ಸಿಗೋದು ಸಹಜ. ಬೆಳಿಗ್ಗೆ ಲ್ಯಾಬ್ ಕಾರಿಡಾರಿನಲ್ಲಿ ಆನ್ ಮಾಡಿ, ಹೊರಗೆ ಬಂದು ನಲವತ್ತು ಸೆಕೆಂಡಿಗೆ “ಫಿಕ್ಸ್ ಬರ್ತಿಲ್ಲ” ಅಂತ ಬ್ಯಾಟರಿ ಕಿತ್ತು ಮತ್ತೆ ಹಾಕೋವರು ಅದರ ಕೆಲಸವನ್ನ ಪ್ರತಿ ಸಲ ಸೊನ್ನೆಯಿಂದ ಶುರು ಮಾಡಿಸ್ತಿದ್ದಾರೆ. ಸ್ವಂತ ಬ್ಯಾಕಪ್ ಬ್ಯಾಟರಿ ಸತ್ತಿರೋ ಮಾಡ್ಯೂಲ್ ಆದ್ರಂತೂ ಕೇಳೋದೇ ಬೇಡ.

ದಿಕ್ಕು ಹೇಳೋದು ಜಿಪಿಎಸ್ ಅಲ್ಲ

ಇದೇ ನನ್ನ ಮುಖ್ಯ ತಕರಾರು. ಲಾಯ್ಟರ್ ಮೋಡಿನಲ್ಲಿ ಬಿಟ್ಟ ಡ್ರೋನ್ ಒಂದೇ ಕಡೆ ನಿಲ್ಲೋ ಬದಲು ವೃತ್ತಾಕಾರವಾಗಿ ಸುತ್ತೋಕೆ ಶುರು ಮಾಡುತ್ತೆ. ಸುತ್ತು ದೊಡ್ಡದಾಗುತ್ತಾ ಹೋಗುತ್ತೆ. ಹಾಬಿ ಜನ ಇದಕ್ಕೆ “ಟಾಯ್ಲೆಟ್ ಬೌಲಿಂಗ್” ಅಂತ ಹೆಸರಿಟ್ಟಿದ್ದಾರೆ, ಕಮೋಡಿನಲ್ಲಿ ನೀರು ಸುತ್ತೋ ಹಾಗೆ ಅಂತ. ಇದನ್ನ ನೋಡಿದ ತಕ್ಷಣ ನಮ್ಮವರು ಜಿಪಿಎಸ್‌ಗೆ ಬೈತಾರೆ. ಆದರೆ ಈ ಸುತ್ತು ಸಾಮಾನ್ಯವಾಗಿ ದಿಕ್ಸೂಚಿಯ ಸಹಿ.

ಯಾಕೆ ಅಂತ ಯೋಚನೆ ಮಾಡಿ. ಒಂದೇ ಕಡೆ ತೇಲ್ತಾ ನಿಂತ ಡ್ರೋನಿಗೆ “ನೀನು ಎಲ್ಲಿದ್ದೀಯ” ಅಂತ ಜಿಪಿಎಸ್ ಹೇಳುತ್ತೆ. “ನಿನ್ನ ಮೂತಿ ಯಾವ ಕಡೆ ಇದೆ” ಅಂತ ಹೇಳೋದು ಕಂಪಾಸ್. ಡ್ರೋನ್ ಇರಬೇಕಾದ ಜಾಗದಿಂದ ಒಂದು ಮೀಟರ್ ಪಶ್ಚಿಮಕ್ಕೆ ಸರಿದಿದೆ ಅಂದುಕೊಳ್ಳಿ. ಪೂರ್ವಕ್ಕೆ ವಾಲಬೇಕು. ಕಂಪಾಸ್ 40 ಡಿಗ್ರಿ ತಪ್ಪು ಹೇಳ್ತಿದ್ರೆ, ಪೂರ್ವ ಅಂದುಕೊಂಡು ಅದು 40 ಡಿಗ್ರಿ ಓರೆಯಾಗಿ ವಾಲುತ್ತೆ. ಜಿಪಿಎಸ್ “ಇನ್ನೂ ಜಾಗ ತಲುಪಿಲ್ಲ, ಪಕ್ಕಕ್ಕೆ ಹೋಗಿದ್ದೀಯ” ಅನ್ನುತ್ತೆ. ಮತ್ತೆ ತಿದ್ದುತ್ತೆ, ಮತ್ತೆ 40 ಡಿಗ್ರಿ ಓರೆ. ಹೀಗೆ ತಿದ್ದಿ ತಿದ್ದಿ ಸುತ್ತು ಹಾಕುತ್ತೆ. ತಪ್ಪು 90 ಡಿಗ್ರಿ ದಾಟಿದರೆ ತಿದ್ದಿದಷ್ಟೂ ದೂರ ಹೋಗುತ್ತೆ. ಇಲ್ಲಿ ಜಿಪಿಎಸ್ ನಿಜ ಹೇಳ್ತಾನೇ ಇದೆ. ಮೊಬೈಲಿನಲ್ಲಿ ಲೊಕೇಶನ್ ಸರಿಯಾಗೇ ಇದ್ದು, ಎಡಕ್ಕೂ ಬಲಕ್ಕೂ ವ್ಯತ್ಯಾಸ ಗೊತ್ತಿಲ್ಲದ ಡ್ರೈವರ್ ಸಿಕ್ಕ ಹಾಗೆ.

ಕಂಪಾಸ್ ಯಾಕೆ ಸುಳ್ಳು ಹೇಳುತ್ತೆ? ಇಲ್ಲಿ ಎರಡನೇ ಪಿಯುಸಿ ಭೌತಶಾಸ್ತ್ರ ಬರುತ್ತೆ. ನೇರ ತಂತಿಯ ಸುತ್ತ ಕಾಂತಕ್ಷೇತ್ರ: ಮ್ಯೂ ನಾಟ್ ಐ ಬೈ ಟೂ ಪೈ ಆರ್. ಸಿಇಟಿಗೆ ಅಂತ ನಾವೆಲ್ಲ ಬಾಯಿಪಾಠ ಮಾಡಿದ್ದು. ಬ್ಯಾಟರಿ ವೈರಿನಲ್ಲಿ 20 ಆಂಪಿಯರ್ ಹರೀತಿದೆ, ಕಂಪಾಸ್ ಅದರಿಂದ 5 ಸೆಂಟಿಮೀಟರ್ ದೂರದಲ್ಲಿದೆ ಅಂತ ಲೆಕ್ಕ ಹಾಕಿ. ಉತ್ತರ 80 ಮೈಕ್ರೋಟೆಸ್ಲಾ. ಬೆಂಗಳೂರಿನ ಹತ್ತಿರ ಭೂಮಿಯ ಕಾಂತಕ್ಷೇತ್ರ ಎಷ್ಟು? ಸುಮಾರು 40 ಮೈಕ್ರೋಟೆಸ್ಲಾ. ಅಂದ್ರೆ ನಮ್ಮ ಒಂದು ವೈರು, ಇಡೀ ಭೂಮಿಗಿಂತ ಎರಡು ಪಟ್ಟು ಜೋರಾಗಿ ಕಂಪಾಸ್ ಕಿವಿಯಲ್ಲಿ ಕೂಗ್ತಿದೆ! ಅದೇ ಕಂಪಾಸನ್ನ 15 ಸೆಂಟಿಮೀಟರ್ ದೂರ ಇಟ್ಟರೆ 27ಕ್ಕೆ ಇಳಿಯುತ್ತೆ. ಪ್ಲಸ್ ಮತ್ತು ಮೈನಸ್ ವೈರನ್ನ ಜಡೆ ಹೆಣೆದ ಹಾಗೆ ಹೆಣೆದರೆ, ಎರಡರ ಕ್ಷೇತ್ರ ಒಂದಕ್ಕೊಂದು ಕಳೆದು ಇನ್ನೂ ತುಂಬಾ ಕಡಿಮೆಯಾಗುತ್ತೆ. ಜಿಪಿಎಸ್ ಮತ್ತು ಕಂಪಾಸ್ ಇರೋ ಡಬ್ಬಿಯನ್ನ ಉದ್ದ ಕಡ್ಡಿ ಮೇಲೆ ಕೂರಿಸೋದು ಇದಕ್ಕೇ, ಚೆಂದಕ್ಕಲ್ಲ.

ಇದನ್ನ ನಂಬಬೇಕಾಗಿಲ್ಲ, ಲಾಗಿನಲ್ಲಿ ನೋಡಬಹುದು. ಕಂಪಾಸಿನ ಮೂರು ಅಕ್ಷಗಳ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ ಒಟ್ಟು ಕ್ಷೇತ್ರ ಸಿಗುತ್ತೆ. ಭೂಮಿಯ ಕ್ಷೇತ್ರ ನಿಮ್ಮ ಥ್ರಾಟಲ್ ನೋಡಿ ಬದಲಾಗಲ್ಲ. ಹಾಗಾಗಿ ಆ ಗ್ರಾಫು ನೇರ ಗೆರೆ ತರ ಇರಬೇಕು. ಅದರ ಪಕ್ಕ ಥ್ರಾಟಲ್ ಅಥವಾ ಕರೆಂಟ್ ಗ್ರಾಫು ಇಡಿ. ಎರಡೂ ಒಟ್ಟೊಟ್ಟಿಗೆ ಏರಿ ಇಳಿದರೆ ಕಳ್ಳ ಸಿಕ್ಕಿಬಿದ್ದ. ಈ ಏರಿಳಿತ 30 ಶೇಕಡದ ಒಳಗಿದ್ದರೆ ನಿಭಾಯಿಸಬಹುದು, 60 ದಾಟಿದರೆ ಹಾರಿಸಲೇಬಾರದು ಅನ್ನೋದು ಆರ್ಡುಪೈಲಟ್ ಬಳಗದವರು ಕೊಡೋ ಅಳತೆ. ಹೊಸ ಜಿಪಿಎಸ್ ಮಾಡ್ಯೂಲ್ ತಂದು ಅದೇ ಜಾಗದಲ್ಲಿ ಅಂಟಿಸಿದರೆ ಈ ಗ್ರಾಫು ಒಂದು ಕೂದಲಷ್ಟೂ ಬದಲಾಗಲ್ಲ.

ಕ್ಯಾಲಿಬ್ರೇಶನ್ ಮಾಡೋ ಜಾಗದ ಬಗ್ಗೆಯೂ ಒಂದು ಮಾತು. ಹಾಸ್ಟೆಲ್ ಟೆರೇಸ್ ನಮಗೆಲ್ಲ ಅಚ್ಚುಮೆಚ್ಚು. ಆದರೆ ಆರ್‌ಸಿಸಿ ಸ್ಲ್ಯಾಬಿನ ತುಂಬಾ ಕಬ್ಬಿಣದ ಸರಳು. ಬೈಕ್ ಸ್ಟ್ಯಾಂಡ್ ಪಕ್ಕ ಅಂತೂ ಬೇಡವೇ ಬೇಡ. ಜೇಬಿನಲ್ಲಿರೋ ಮೊಬೈಲು, ಕೈಯಲ್ಲಿರೋ ಕಡಗ, ಅಯಸ್ಕಾಂತದ ತುದಿಯ ಸ್ಕ್ರೂಡ್ರೈವರು ಎಲ್ಲ ದೂರ ಇಟ್ಟು, ಮಣ್ಣಿನ ಮೈದಾನದ ಮಧ್ಯೆ ನಿಂತು ಮಾಡಿ. ಐದು ನಿಮಿಷದ ಕೆಲಸ.

ರೋಗಕ್ಕೆ ತಕ್ಕ ಲಕ್ಷಣ

ಡಾಕ್ಟರ್ ಹತ್ರ ಹೋಗಿ “ಹುಷಾರಿಲ್ಲ” ಅಂದ್ರೆ ಅವರು ಸುಮ್ಮನೆ ಮಾತ್ರೆ ಬರೆಯಲ್ಲ. ಎಲ್ಲಿ ನೋವು, ಯಾವಾಗಿಂದ, ಊಟ ಆದಮೇಲೋ ಮುಂಚೆಯೋ ಅಂತ ಕೇಳ್ತಾರೆ. ಡ್ರೋನಿಗೂ ಅಷ್ಟೇ.

ಸುತ್ತು ಹಾಕ್ತಾ ಇದ್ಯಾ? ಮೊದಲ ಅನುಮಾನ ಕಂಪಾಸ್ ಮೇಲೆ. ಮಾಡ್ಯೂಲ್ ಉಲ್ಟಾ ಅಥವಾ ಪಕ್ಕಕ್ಕೆ ತಿರುಗಿಸಿ ಕೂರಿಸಿ, ಸೆಟ್ಟಿಂಗಿನಲ್ಲಿ ಅದನ್ನ ಹೇಳದೇ ಬಿಟ್ಟಿದ್ದರೂ ಇದೇ ಆಗುತ್ತೆ.

ಚೆನ್ನಾಗಿ ನಿಂತಿದ್ದು ಇದ್ದಕ್ಕಿದ್ದ ಹಾಗೆ ಒಂದು ಕಡೆ ಜಿಗಿಯಿತಾ? ಇಲ್ಲಿ ಜಿಪಿಎಸ್ ಮೇಲೆ ಅನುಮಾನ ಪಡೋದು ನ್ಯಾಯ. ಆದರೆ ಕಾರಣ ಮಾಡ್ಯೂಲ್ ಆಗಿರಬೇಕಿಲ್ಲ. ಎರಡು ಎತ್ತರದ ಬ್ಲಾಕುಗಳ ಮಧ್ಯೆ ಹಾರಿಸ್ತಿದ್ರೆ, ಉಪಗ್ರಹದ ಸಿಗ್ನಲ್ ಗಾಜಿಗೆ, ಗೋಡೆಗೆ ಬಡಿದು ಸುತ್ತಿ ಬರುತ್ತೆ. ಬೆಳಕಿನ ವೇಗದಲ್ಲಿ ಒಂದು ಮೈಕ್ರೋಸೆಕೆಂಡ್ ತಡ ಅಂದ್ರೆ 300 ಮೀಟರ್. ಗೋಡೆ ಸುತ್ತಿ ಬಂದ ಸಿಗ್ನಲ್ ಬರೀ 30 ಮೀಟರ್ ಹೆಚ್ಚು ದಾರಿ ನಡೆದಿದ್ದರೂ ಲೆಕ್ಕ ಕೆಡುತ್ತೆ.

ಫಿಕ್ಸೇ ಬರ್ತಿಲ್ವಾ? ಉಪಗ್ರಹಗಳ ಸಂಖ್ಯೆ ಸೊನ್ನೆಯಲ್ಲೇ ನಿಂತಿದೆಯಾ, ಇಲ್ಲಾ ಜಿಪಿಎಸ್ಸೇ ಇಲ್ಲ ಅಂತ ತೋರಿಸ್ತಿದೆಯಾ ನೋಡಿ. ಇವೆರಡೂ ಬೇರೆ ಬೇರೆ. ಜಿಪಿಎಸ್ಸೇ ಇಲ್ಲ ಅಂದ್ರೆ ಆಕಾಶದ ತಪ್ಪಲ್ಲ, ವೈರಿನದ್ದು. ಒಂದರ ಟಿಎಕ್ಸ್ ಇನ್ನೊಂದರ ಆರ್‌ಎಕ್ಸ್‌ಗೆ ಹೋಗಬೇಕು. ಸೀರಿಯಲ್ ಪೋರ್ಟಿಗೆ ಜಿಪಿಎಸ್ ಅಂತ ಹೇಳಿರಬೇಕು, ಬಾಡ್ ರೇಟ್ ಹೊಂದಬೇಕು. ಯು-ಬ್ಲಾಕ್ಸ್ ಎಂ8 ಸರಣಿ ಕಾರ್ಖಾನೆಯಿಂದ 9600ಕ್ಕೆ ಬರುತ್ತೆ, ಎಂ10 ಸರಣಿ 38400ಕ್ಕೆ. ಕಂಪಾಸ್ ಮಾತ್ರ ಕಾಣ್ತಿಲ್ಲ ಅಂದ್ರೆ ಚಿಪ್ಪಿನ ಹೆಸರು ನೋಡಿ. ಹಳೆಯ ಎಚ್‌ಎಂಸಿ5883ಎಲ್ ಚಿಪ್ಪಿನ ವಿಳಾಸ ಐ2ಸಿ ಸಾಲಿನಲ್ಲಿ ಹೆಕ್ಸ್ 1ಇ. ಅದರ ಜಾಗಕ್ಕೆ ಬಂದ ಕ್ಯೂಎಂಸಿ5883ಎಲ್ ವಿಳಾಸ ಹೆಕ್ಸ್ 0ಡಿ. ಹೆಸರು ಅಣ್ಣತಮ್ಮಂದಿರ ಹಾಗಿದ್ದರೂ ಒಬ್ಬರ ಮನೆ ಬಾಗಿಲು ತಟ್ಟಿದರೆ ಇನ್ನೊಬ್ಬರು ತೆಗೆಯಲ್ಲ.

ಕ್ಯಾಮೆರಾ ಆನ್ ಮಾಡಿದಾಗ ಮಾತ್ರ ಉಪಗ್ರಹ ಕಳೆದುಹೋಗ್ತಿವೆಯಾ? ಹಾಗಾದ್ರೆ ಇದು ರೇಡಿಯೋ ಗದ್ದಲ. ಇದಕ್ಕೊಂದು ಪೈಸೆ ಖರ್ಚಿಲ್ಲದ ಪ್ರಯೋಗ ಇದೆ. ಪ್ರೊಪೆಲ್ಲರ್ ಬಿಚ್ಚಿಡಿ. ಡ್ರೋನನ್ನ ಬಯಲಲ್ಲಿ ಇಟ್ಟು ಬರೀ ಫ್ಲೈಟ್ ಕಂಟ್ರೋಲರ್ ಮತ್ತು ಜಿಪಿಎಸ್ ಮಾತ್ರ ಆನ್ ಮಾಡಿ ಐದು ನಿಮಿಷ ಬಿಡಿ. ಮಾಡ್ಯೂಲನ್ನ ಯು-ಸೆಂಟರ್ ತಂತ್ರಾಂಶಕ್ಕೆ ಜೋಡಿಸಿದರೆ ಒಂದೊಂದು ಉಪಗ್ರಹದ ಸಿಗ್ನಲ್ ಬಲವೂ ಡಿಬಿ ಹರ್ಟ್ಸ್ ಲೆಕ್ಕದಲ್ಲಿ ಕಾಣುತ್ತೆ. ತಲೆ ಮೇಲಿರೋ ಉಪಗ್ರಹಗಳಿಗೆ 40ರ ಮೇಲಿದ್ದರೆ ಚೆನ್ನಾಗಿದೆ. ಈಗ ಒಂದೊಂದೇ ಆನ್ ಮಾಡ್ತಾ ಹೋಗಿ: ಟೆಲಿಮೆಟ್ರಿ, ವಿಡಿಯೋ ಟ್ರಾನ್ಸ್‌ಮಿಟರ್, ಪೈ, ಕ್ಯಾಮೆರಾ. ಯಾವುದು ಆನ್ ಆದಾಗ ಎಲ್ಲ ಉಪಗ್ರಹಗಳ ಅಂಕಿ ಒಟ್ಟಿಗೆ ಕುಸಿಯಿತೋ ಅದೇ ತಮಟೆ ಬಾರಿಸ್ತಿರೋದು. ಅದನ್ನ ದೂರ ಇಡಿ, ಇಲ್ಲಾ ತಾಮ್ರದ ಟೇಪ್ ಸುತ್ತಿ ಗ್ರೌಂಡಿಗೆ ಜೋಡಿಸಿ, ಮತ್ತೆ ಅಳೆಯಿರಿ.

ಎತ್ತರ ಮಾತ್ರ ಏರಿಳಿತಾ ಇದೆಯಾ? ಹೆಚ್ಚಿನ ಸಲ ಅದು ಜಿಪಿಎಸ್ ಕೆಲಸವೇ ಅಲ್ಲ, ಬ್ಯಾರೋಮೀಟರಿನದ್ದು. ಬಿಸಿಲು ಅಥವಾ ಪ್ರೊಪೆಲ್ಲರ್ ಗಾಳಿ ನೇರ ಬೀಳ್ತಿದ್ರೆ ಅದು ಗೊಂದಲ ಪಡುತ್ತೆ. ಮೇಲೆ ಒಂದು ಚೂರು ಸ್ಪಂಜು ಸಾಕು.

ಉಪಗ್ರಹಗಳ ಸಂಖ್ಯೆ ಒಂದನ್ನೇ ಹಿಡ್ಕೊಂಡು ಕೂರೋದನ್ನೂ ಬಿಡಬೇಕು. “ನನಗೆ 16 ಬಂತು, ನಿನಗೆ 12” ಅಂತ ಕ್ರಿಕೆಟ್ ಸ್ಕೋರ್ ತರ ಹೇಳ್ಕೋತಾರೆ. ಹದಿನಾರೂ ಆಕಾಶದ ಒಂದೇ ಮೂಲೆಯಲ್ಲಿದ್ದರೆ ಏನು ಪ್ರಯೋಜನ? ಅವು ಹೇಗೆ ಹರಡಿವೆ ಅನ್ನೋದನ್ನ ಎಚ್‌ಡಾಪ್ ಹೇಳುತ್ತೆ. ಅದು 1.5ರ ಕೆಳಗಿದ್ದರೆ ಚೆನ್ನ, 2 ದಾಟಿದರೆ ಹುಷಾರಾಗಿರಬೇಕು. ಸಂಖ್ಯೆ, ಹರಡಿಕೆ, ಸಿಗ್ನಲ್ ಬಲ, ಈ ಮೂರನ್ನೂ ಒಟ್ಟಿಗೆ ನೋಡಿ ಮಾತಾಡಬೇಕು.

“ನಾವಿಕ್ ಬಂದ್ರೆ ಎಲ್ಲ ಸರಿ ಹೋಗುತ್ತೆ”

ಈ ಮಾತು ರಾಜ್ಯೋತ್ಸವದ ಭಾಷಣದಿಂದ ಹಿಡಿದು ಕ್ಯಾಂಟೀನ್ ತನಕ ಕೇಳಿಸುತ್ತೆ. ನನಗೂ ಹೆಮ್ಮೆ ಇದೆ. ನಾವಿಕ್ ವ್ಯವಸ್ಥೆಯ ಇಸ್ರೋ ಸಂಚರಣಾ ಕೇಂದ್ರ ಇರೋದು ನಮ್ಮ ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ, 2013ರ ಮೇ 28ರಂದು ಅದರ ಉದ್ಘಾಟನೆ ಆಯ್ತು. ಆದರೆ ಹೆಮ್ಮೆಯಿಂದ ಫಿಕ್ಸ್ ಸಿಗಲ್ಲ. ಮೊದಲ ಸರಣಿಯ ನಾವಿಕ್ ಉಪಗ್ರಹಗಳು ನಾಗರಿಕ ಸಂಕೇತ ಕಳಿಸೋದು ಎಲ್5, ಅಂದ್ರೆ 1176.45 ಮೆಗಾಹರ್ಟ್ಸ್, ಮತ್ತು ಎಸ್ ಬ್ಯಾಂಡಿನಲ್ಲಿ. ಎಲ್1ರಲ್ಲೂ ಕಳಿಸೋದು ಶುರುವಾಗಿದ್ದು 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಿಂದ. ನಮ್ಮ ಹೆಚ್ಚಿನ ಡ್ರೋನುಗಳಲ್ಲಿ ಕೂತಿರೋ ಎಂ8 ಮಾಡ್ಯೂಲಿಗೆ ನಾವಿಕ್ ಭಾಷೆಯೇ ಬರಲ್ಲ. ಡೇಟಾಶೀಟ್ ತೆರೆದರೆ ಇದು ಗೊತ್ತಾಗುತ್ತೆ. ಅದೇ ಡೇಟಾಶೀಟಿನಲ್ಲಿ ಗಗನ್ ಅನ್ನೋ ಹೆಸರೂ ಇದೆ. ಅದು ಜಿಪಿಎಸ್ ಲೆಕ್ಕವನ್ನ ತಿದ್ದಿ ಹೇಳೋ ನಮ್ಮದೇ ವ್ಯವಸ್ಥೆ, ಎಂ8ಗೆ ಇದು ಅರ್ಥವಾಗುತ್ತೆ. ಇದನ್ನ ಬಿಟ್ಟು ಅದಕ್ಕೆ ಕಾಯ್ತಾ ಕೂತಿದ್ದೀವಿ.

ಇಸ್ರೋದಿಂದ ಕಲಿಯೋದಿದ್ರೆ ಇನ್ನೊಂದು ಕಲಿಯೋಣ. 2013ರಲ್ಲಿ ಹಾರಿದ ಐಆರ್‌ಎನ್‌ಎಸ್‌ಎಸ್-1ಎ ಉಪಗ್ರಹದಲ್ಲಿ ಮೂರು ಪರಮಾಣು ಗಡಿಯಾರಗಳೂ ಕೈಕೊಟ್ಟವು. ಆಗ ಯಾರೂ “ಉಪಗ್ರಹ ಹೋಗಿದೆ” ಅಂತ ಒಂದೇ ಮಾತಲ್ಲಿ ಮುಗಿಸಲಿಲ್ಲ. ಕೆಟ್ಟಿದ್ದು ಗಡಿಯಾರ ಅಂತ ಗುರುತಿಸಿದರು. ಜೊತೆಜೊತೆಗೆ ನಮ್ಮದೇ ರುಬಿಡಿಯಂ ಗಡಿಯಾರದ ಕೆಲಸ ನಡೆದು, ಎನ್‌ವಿಎಸ್-01 ಅದನ್ನ ಹೊತ್ತು ಹೋಯ್ತು. ಯಾವ ಭಾಗ, ಯಾವಾಗ, ಯಾಕೆ ಅನ್ನೋ ಮೂರು ಪ್ರಶ್ನೆ ಅಷ್ಟು ದೊಡ್ಡ ಯಂತ್ರಕ್ಕೆ ಬೇಕಾದ್ರೆ, ನಮ್ಮ ಒಂದೂವರೆ ಕೆಜಿ ಕ್ವಾಡ್‌ಗೂ ಬೇಕು.

ಆಕಾಶವೇ ಕೆಟ್ಟಿರೋ ದಿನಗಳೂ ಇವೆ, ಅದನ್ನೂ ಹೇಳಬೇಕು. ನಾವು ಇರೋದು ಭೂಕಾಂತೀಯ ಸಮಭಾಜಕದ ಹತ್ತಿರ. ಇಲ್ಲಿ ಸೂರ್ಯ ಮುಳುಗಿದ ಮೇಲೆ ಅಯಾನುಗೋಳದಲ್ಲಿ ಗುಳ್ಳೆಗಳ ತರದ ಏರುಪೇರು ಉಂಟಾಗಿ ಸಿಗ್ನಲ್ ಮಿನುಗುತ್ತೆ, ಸೂರ್ಯನ ಚಟುವಟಿಕೆ ಜೋರಿರೋ ವರ್ಷಗಳ ಮಾರ್ಚ್-ಏಪ್ರಿಲ್, ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿನಲ್ಲಿ ಇನ್ನೂ ಜಾಸ್ತಿ. ಬೆಳಿಗ್ಗೆ ಚೆನ್ನಾಗಿದ್ದ ಡ್ರೋನ್ ರಾತ್ರಿ ಎಂಟಕ್ಕೆ ಹಠ ಮಾಡಿದರೆ ಸಮಯವನ್ನೂ ಬರೆದಿಟ್ಟುಕೊಳ್ಳಿ. ಮಾರನೇ ದಿನ ಬೆಳಿಗ್ಗೆ ಅದೇ ಜಾಗದಲ್ಲಿ ನೋಡಿ, ಆಮೇಲೆ ಮಾಡ್ಯೂಲಿಗೆ ಬೈಯಿರಿ.

“ನಾಳೆ ರಿವ್ಯೂ ಇದೆ, ಇದಕ್ಕೆಲ್ಲ ಟೈಮ್ ಎಲ್ಲಿದೆ?”

ಇದು ನ್ಯಾಯವಾದ ಪ್ರಶ್ನೆ. ಫೈನಲ್ ಇಯರ್ ಪ್ರಾಜೆಕ್ಟ್, ನಾಳೆ ಬೆಳಿಗ್ಗೆ ರಿವ್ಯೂ, ಗೈಡ್ ಕಾಯ್ತಿರ್ತಾರೆ. ಬೇರೆ ಮಾಡ್ಯೂಲ್ ಹಾಕಿ ನೋಡೋದೇ ಬೇಗ ಅಲ್ವಾ ಅಂತ ಕೇಳ್ತಾರೆ. ಹೌದು, ಹಾಕಿ ನೋಡಿ. ಪಾರ್ಟು ಬದಲಾಯಿಸಿ ನೋಡೋದೂ ಒಂದು ಪರೀಕ್ಷೆಯೇ, ಅದನ್ನ ನಾನು ವಿರೋಧಿಸ್ತಿಲ್ಲ. ಆದರೆ ಅದಕ್ಕೆ ಎರಡು ನಿಯಮ ಇವೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಬದಲಾಯಿಸೋ ಮುಂಚೆ “ಇದು ಕಾರಣ ಆಗಿದ್ರೆ ಹೀಗಾಗಬೇಕು” ಅಂತ ಹೇಳಿರಬೇಕು. ನಾವು ಮಾಡೋದು ಬೇರೆ. ಮಾಡ್ಯೂಲ್ ಬದಲಾಯಿಸ್ತೀವಿ, ಅದೇ ಗಡಿಬಿಡಿಯಲ್ಲಿ ಕಡ್ಡಿ ಎತ್ತರ ಮಾಡ್ತೀವಿ, ಫರ್ಮ್‌ವೇರ್ ಅಪ್‌ಡೇಟ್ ಮಾಡ್ತೀವಿ, ಕಂಪಾಸ್ ಕ್ಯಾಲಿಬ್ರೇಟ್ ಮಾಡ್ತೀವಿ. ಸರಿಹೋದ್ರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತಿಲ್ಲ. ವೈವಾದಲ್ಲಿ “ಏನಾಗಿತ್ತು?” ಅಂತ ಎಕ್ಸ್‌ಟರ್ನಲ್ ಕೇಳಿದ್ರೆ “ಜಿಪಿಎಸ್ ಪ್ರಾಬ್ಲಂ ಇತ್ತು ಸರ್, ಚೇಂಜ್ ಮಾಡಿದ್ವಿ.” ಅಲ್ಲಿಗೆ ಕತೆ ಮುಗೀತು. ಕಲಿತಿದ್ದು ಸೊನ್ನೆ.

ಟೈಮ್ ಲೆಕ್ಕವೂ ಉಲ್ಟಾ. ಲಾಗ್ ತೆರೆದು ಎರಡು ಗ್ರಾಫು ಹಾಕೋಕೆ ಹತ್ತು ನಿಮಿಷ. ಹೊಸ ಮಾಡ್ಯೂಲ್ ಬರೋಕೆ ನಾಲ್ಕು ದಿನ.

ತಪಾಸಣೆ ಆಫ್ ಮಾಡೋದಕ್ಕೆ ಮಾತ್ರ ನನ್ನಲ್ಲಿ ಯಾವ ರಿಯಾಯಿತಿಯೂ ಇಲ್ಲ. ಡ್ರೋನ್ “ನಾನು ಹಾರಲ್ಲ” ಅಂತಿದೆ ಅಂದ್ರೆ ಅದು ಹಠ ಅಲ್ಲ, ಅದೇ ಉತ್ತರ. “ಹೈ ಎಚ್‌ಡಾಪ್”, “ಕಂಪಾಸಸ್ ಇನ್‌ಕನ್ಸಿಸ್ಟೆಂಟ್” ಅಂತ ಕಾರಣ ಸಮೇತ ಹೇಳ್ತಿದೆ. ಬಾಯಿ ಮುಚ್ಚಿಸಿದ್ರೆ ಜ್ವರ ಇಳಿಯಲ್ಲ. ಮನೆಗೆ ವಾಪಸ್ ಬರೋ ಜಾಗವನ್ನ ಆರ್ಡುಪೈಲಟ್ ಆರ್ಮ್ ಮಾಡೋ ಹೊತ್ತಿನಲ್ಲಿ ಗುರುತು ಮಾಡ್ಕೊಳ್ಳುತ್ತೆ. ಆಗ ಸ್ಥಾನದ ಲೆಕ್ಕವೇ ಸರಿ ಇಲ್ಲದಿದ್ರೆ, ಸಂಪರ್ಕ ತಪ್ಪಿದಾಗ ಡ್ರೋನ್ ಶ್ರದ್ಧೆಯಿಂದ ತಪ್ಪು ಮನೆಗೆ ಹೋಗುತ್ತೆ.

ಹೋದ್ರೆ ಏನಾಗುತ್ತೆ? ಒಂದೂವರೆ ಕೆಜಿ ಡ್ರೋನ್ 30 ಮೀಟರ್ ಎತ್ತರದಿಂದ ಬಿದ್ದರೆ, ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದಾಗ ಸುಮಾರು 440 ಜೂಲ್. ಗಂಟೆಗೆ 140 ಕಿಲೋಮೀಟರ್ ವೇಗದಲ್ಲಿ ಬರೋ 160 ಗ್ರಾಂ ಕ್ರಿಕೆಟ್ ಚೆಂಡಿನಲ್ಲಿರೋದು ಸುಮಾರು 120 ಜೂಲ್. ಅಂಥ ಚೆಂಡನ್ನ ಹೆಲ್ಮೆಟ್ ಇಲ್ಲದೆ ಎದುರಿಸ್ತೀರಾ? ಇದು ಅದರ ಮೂರೂವರೆ ಪಟ್ಟು, ಅದರ ಮೇಲೆ ತಿರುಗ್ತಿರೋ ನಾಲ್ಕು ಬ್ಲೇಡು. ಕೆಳಗೆ ಫೆಸ್ಟ್ ನೋಡೋಕೆ ಬಂದ ಜೂನಿಯರ್‌ಗಳು, ಗ್ರೌಂಡ್ ಗುಡಿಸೋ ಅಕ್ಕಂದಿರು ನಿಂತಿರ್ತಾರೆ. ಅವರು ನಿಮ್ಮ ಪ್ರಾಜೆಕ್ಟಿನಲ್ಲಿ ಪಾಲುದಾರರಲ್ಲ. ರಿವ್ಯೂ ಮಾರ್ಕ್ಸು ಮುಂದಿನ ವಾರ ಮತ್ತೆ ಸಿಗುತ್ತೆ.

ಅದಕ್ಕೇ ಒಂದು ಕೌಶಲ ಎಲ್ಲರಿಗೂ ಕಡ್ಡಾಯ ಆಗಬೇಕು: ಜಿಪಿಎಸ್ ಇಲ್ಲದೆ ಹಾರಿಸೋದು. ಡ್ರೋನ್ ಸುತ್ತು ಹಾಕೋಕೆ ಶುರು ಮಾಡಿದ ಕ್ಷಣ ಕೈ ಆಲ್ಟಿಟ್ಯೂಡ್ ಹೋಲ್ಡ್ ಅಥವಾ ಸ್ಟೆಬಿಲೈಸ್ ಮೋಡಿಗೆ ಹೋಗಬೇಕು. ಆ ಮೋಡುಗಳಿಗೆ ಜಿಪಿಎಸ್ ಬೇಡ. ನಿಧಾನವಾಗಿ ಇಳಿಸಿ. ಗಾಬರಿಯಲ್ಲಿ “ರಿಟರ್ನ್ ಟು ಲಾಂಚ್” ಒತ್ತಿದರೆ, ದಾರಿ ತಪ್ಪಿದವನಿಗೆ ಇನ್ನಷ್ಟು ಜೋರಾಗಿ ನಡಿ ಅಂದ ಹಾಗೆ. ಸ್ಟೆಬಿಲೈಸಿನಲ್ಲಿ ಇಳಿಸೋಕೆ ಬರದವರಿಗೆ ಲಾಯ್ಟರ್ ಹಾರಿಸೋ ಅವಕಾಶ ಕೊಡಬಾರದು ಅನ್ನೋದು ನನ್ನ ಅಭಿಪ್ರಾಯ. ಈಜು ಬಾರದವನಿಗೆ ದೋಣಿ ಕೊಡೋ ಮುಂಚೆ ಲೈಫ್ ಜಾಕೆಟ್ ಕೊಡಲ್ವಾ, ಹಾಗೆ.

ಕನ್ನಡ ಸಂಘದ ಪುಟದಲ್ಲಿ ಇದೆಲ್ಲ ಯಾಕೆ?

ಯಾಕಂದ್ರೆ ಇದರಲ್ಲಿ ಭಾಷೆಯ ಪ್ರಶ್ನೆಯೂ ಇದೆ. ಡ್ರೋನ್ ಟೀಮಿಗೆ ಬರೋ ಫಸ್ಟ್ ಇಯರ್ ಹುಡುಗ ಹುಡುಗಿಯರಲ್ಲಿ ಕನ್ನಡ ಮಾಧ್ಯಮದಿಂದ ಬಂದವರು ಇರ್ತಾರೆ. ಸ್ಕ್ರೀನ್ ಮೇಲೆ “ಇಕೆಎಫ್ ವೇರಿಯನ್ಸ್” ಅಂತ ಕೆಂಪಕ್ಷರದಲ್ಲಿ ಬಂದ್ರೆ ಅವರು ಸುಮ್ಮನಾಗ್ತಾರೆ. ನಿಜ ಹೇಳಬೇಕಂದ್ರೆ ಇಂಗ್ಲಿಷ್ ಮೀಡಿಯಂನವರಲ್ಲೂ ಅರ್ಧ ಜನಕ್ಕೆ ಅದು ಗೊತ್ತಿರಲ್ಲ, ಆದರೆ ಅವರು ಧೈರ್ಯವಾಗಿ “ಜಿಪಿಎಸ್ ಪ್ರಾಬ್ಲಂ” ಅಂತಾರೆ, ಅಷ್ಟೇ ವ್ಯತ್ಯಾಸ. ಅದನ್ನ ಕನ್ನಡದಲ್ಲಿ ಹೇಳಿ ನೋಡಿ: “ಲೆಕ್ಕ ತಾಳೆ ಆಗ್ತಿಲ್ಲ.” ಜಿಪಿಎಸ್ ಒಂದು ಹೇಳ್ತಿದೆ, ಕಂಪಾಸ್ ಇನ್ನೊಂದು, ಚಲನೆಯ ಸೆನ್ಸರ್ ಮತ್ತೊಂದು. ಅಂಗಡಿ ಲೆಕ್ಕ ಬರೆಯೋ ಮನೆಯಿಂದ ಬಂದ ಹುಡುಗಿಗೆ ಮುಂದಿನ ಪ್ರಶ್ನೆ ತಾನಾಗೇ ಹೊಳೆಯುತ್ತೆ: “ಯಾರ ಲೆಕ್ಕ ತಪ್ಪು?” ಅದೇ ನಾವು ಕೇಳಬೇಕಾಗಿದ್ದ ಪ್ರಶ್ನೆ. ಪದ ಅರ್ಥವಾದ್ರೆ ಹುಡುಕೋ ದಾರಿ ಅರ್ಧ ಸಿಕ್ಕ ಹಾಗೆ.

ಹಾಗಾಗಿ ಮೂರು ಬೇಡಿಕೆ ಇಡ್ತೀನಿ. ಒಂದು, ಡ್ರೋನ್ ಟೀಮಿನ ರೂಮಿನಲ್ಲಿ ಒಂದು ದಪ್ಪ ನೋಟ್‌ಬುಕ್ ಇರಲಿ. ಏನಾಯ್ತು, ಎಲ್ಲಿ, ಎಷ್ಟು ಹೊತ್ತಿಗೆ, ಲಾಗಿನಲ್ಲಿ ಏನು ಕಾಣಿಸ್ತು, ಏನು ಬದಲಾಯಿಸಿದ್ವಿ, ಆಮೇಲೆ ಏನಾಯ್ತು. ಆರು ಸಾಲು, ಯಾವ ಭಾಷೆಯಲ್ಲಾದರೂ ಸರಿ. ಸೀನಿಯರ್‌ಗಳು ಪಾಸಾಗಿ ಹೋದಾಗ ಅವರ ಅನುಭವವೂ ಜೊತೆಗೇ ಗೇಟ್ ದಾಟಬಾರದು. ಎರಡು, ನಮ್ಮ ಸಂಘವೇ ಕೂತು, ಸಾಮಾನ್ಯವಾಗಿ ಬರೋ ಇಪ್ಪತ್ತು ಎಚ್ಚರಿಕೆ ಸಂದೇಶಗಳಿಗೆ ಕನ್ನಡದಲ್ಲಿ ಅರ್ಥ ಮತ್ತು ಮೊದಲು ನೋಡಬೇಕಾದ್ದು ಬರೆದು ಗೋಡೆಗೆ ಅಂಟಿಸಲಿ. ರಾಜ್ಯೋತ್ಸವಕ್ಕೆ ಹಳದಿ ಕೆಂಪು ತೋರಣದ ಜೊತೆ ಇದೂ ಒಂದು ಕೆಲಸ ಆಗಲಿ. ಮೂರು, ನಮ್ಮ ಗುರುಗಳಿಗೆ ವಿನಂತಿ: ಹಾರಿದ ಡ್ರೋನಿಗೆ ಮಾತ್ರ ಮಾರ್ಕ್ಸ್ ಕೊಡಬೇಡಿ. ಯಾಕೆ ಹಾರಲಿಲ್ಲ ಅಂತ ಗ್ರಾಫ್ ಸಮೇತ ತೋರಿಸೋ ಟೀಮಿಗೂ ಕೊಡಿ. ಆಗ ತಪಾಸಣೆ ಆಫ್ ಮಾಡಿ ಹಾರಿಸೋ ಆಸೆ ಅರ್ಧ ಕಡಿಮೆಯಾಗುತ್ತೆ.

ಮುಂದಿನ ಸಲ ಗ್ರೌಂಡಿನಲ್ಲಿ ಯಾರಾದ್ರೂ “ಜಿಪಿಎಸ್ ಹೋಗಿದೆ” ಅಂದ್ರೆ ಜಗಳ ಆಡಬೇಡಿ. “ಹೌದಾ? ಲಾಗ್ ತೋರಿಸು” ಅಂತ ಕೇಳಿ, ಸಾಕು.